ಕೊಳ್ಳಿ ಹಿಂದೆಳೆಯುವ ಹೊತ್ತು

ಉಗಿಯಂತ್ರದ ವೇಗವನ್ನು ಹದದಲ್ಲಿಡುವ ಗಣಿತ ದೇಶದ ಬೆಲೆ, ಬಡ್ಡಿ, ಉದ್ಯೋಗಗಳನ್ನೂ ಹದದಲ್ಲಿ ಇಡಬಲ್ಲದೇ? ಲಂಡನ್ನಿನ ಗ್ಯಾರೇಜೊಂದರಲ್ಲಿ ಹರಿದ ಬಣ್ಣದ ನೀರಿನಿಂದ ನಮ್ಮ ಗೃಹಸಾಲದ ಕಂತಿನವರೆಗೆ ಈ ಪ್ರಶ್ನೆಯ ಜಾಡು.

ಅಜ್ಜಿಯ ಮನೆಯ ಬಚ್ಚಲಲ್ಲಿ ದೊಡ್ಡದೊಂದು ತಾಮ್ರದ ಹಂಡೆ ಇತ್ತು. ಒಲೆ ಹೊತ್ತಿಸಿ ಎಷ್ಟು ಹೊತ್ತಾದರೂ ನೀರು ತಣ್ಣಗೇ. ಶಾಲೆಗೆ ತಡವಾಯಿತೆಂದು ನಾವು ಇನ್ನೆರಡು ಸೌದೆ ತುರುಕುತ್ತಿದ್ದೆವು. ಐದು ನಿಮಿಷ ಬಿಟ್ಟು ಬೆರಳದ್ದಿ ನೋಡಿ, ಸಾಲದೆಂದು ಒಂದು ಹಿಡಿ ತೆಂಗಿನ ಗರಿ ಒಡ್ಡುತ್ತಿದ್ದೆವು. ಆಮೇಲೆ ಹಂಡೆ ತಟ್ಟನೆ ಎಚ್ಚರಗೊಂಡಂತೆ ಬುಸುಗುಟ್ಟುತ್ತಿತ್ತು. ಮೈಗೆ ಹಾಕಿಕೊಂಡರೆ ಬೊಬ್ಬೆ ಏಳುವಷ್ಟು ಬಿಸಿ. ಗಾಬರಿಯಲ್ಲಿ ಕೊಡಗಟ್ಟಲೆ ತಣ್ಣೀರು ಸುರಿದರೆ ಮತ್ತೆ ಚಳಿ.

ಅಜ್ಜಿಯ ಕ್ರಮ ಬೇರೆ. ನೀರು ಉಗುರುಬೆಚ್ಚಗಾಗುವ ಹೊತ್ತಿಗೇ ಬಂದು ಉರಿಯುವ ಕೊಳ್ಳಿಯನ್ನು ಹಿಂದಕ್ಕೆ ಎಳೆದುಬಿಡುತ್ತಿದ್ದಳು. ‘ಇನ್ನೂ ಕಾದೇ ಇಲ್ಲವಲ್ಲಜ್ಜೀ’ ಎಂದರೆ, ‘ಕಾಯ್ತದೆ ಬಿಡು, ಒಳಗೆ ಕೆಂಡ ಇದೆ’ ಎನ್ನುತ್ತಿದ್ದಳು. ಅವಳು ನೋಡುತ್ತಿದ್ದುದು ನೀರು ಈಗ ಎಷ್ಟು ಬಿಸಿಯಿದೆ ಎಂಬುದನ್ನಷ್ಟೇ ಅಲ್ಲ. ಹಾಕಿದ ಸೌದೆಯಲ್ಲಿ ಇನ್ನೂ ನೀರಿಗೆ ತಲುಪದ ಕಾವು ಎಷ್ಟಿದೆ ಎಂಬುದನ್ನು.

ಅಜ್ಜಿಯ ಈ ಲೆಕ್ಕಕ್ಕೆ ಎಂಜಿನಿಯರುಗಳ ಭಾಷೆಯಲ್ಲಿ ಒಂದು ಹೆಸರಿದೆ: ನಿಯಂತ್ರಣ ಸಿದ್ಧಾಂತ, ಅಂದರೆ ಕಂಟ್ರೋಲ್ ಥಿಯರಿ. ಅದರ ತಿರುಳು ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ಒಂದು ಗುರಿ ಇಟ್ಟುಕೋ. ಈಗ ಎಲ್ಲಿದ್ದೀಯೆಂದು ಅಳೆ. ಗುರಿಗೂ ಅಳತೆಗೂ ಇರುವ ಅಂತರ ತಿಳಿದುಕೋ. ಆ ಅಂತರಕ್ಕೆ ತಕ್ಕಂತೆ ಕೈ ಆಡಿಸಿ, ಮತ್ತೆ ಅಳೆ. ಅಳತೆಯ ಸುದ್ದಿ ಹೀಗೆ ಕೈಗೆ ಮರಳಿ ಬರುವ ಸುತ್ತಿಗೆ ಫೀಡ್‌ಬ್ಯಾಕ್ ಎಂದು ಹೆಸರು.

1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಜೋಡಿಸಿದ ‘ಗವರ್ನರ್’ ಈ ಸುತ್ತಿನ ಹೆಸರಾಂತ ಉದಾಹರಣೆ. ಯಂತ್ರದ ವೇಗ ಹೆಚ್ಚಿದರೆ ತಿರುಗುವ ಎರಡು ಗುಂಡುಗಳು ದೂರ ಸರಿದು ಉಗಿಯ ದಾರಿಯನ್ನು ಕಿರಿದಾಗಿಸುತ್ತವೆ. ವೇಗ ತಗ್ಗಿದರೆ ಹತ್ತಿರ ಬಂದು ದಾರಿ ತೆರೆಯುತ್ತವೆ. ಆದರೆ ಕೆಲವು ಯಂತ್ರಗಳು ಗವರ್ನರ್ ಇದ್ದೂ ಹದಕ್ಕೆ ಬರುತ್ತಿರಲಿಲ್ಲ. ಒಮ್ಮೆ ಓಡಿ, ಒಮ್ಮೆ ಕುಂಟಿ, ಓಲಾಡುತ್ತಲೇ ಇರುತ್ತಿದ್ದವು. ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಇದಕ್ಕೆ ಗಣಿತ ಬರೆದರು. ಯಾವ ಗವರ್ನರ್ ಯಂತ್ರವನ್ನು ಸಮಾಧಾನಕ್ಕೆ ತರುತ್ತದೆ, ಯಾವುದು ಓಲಾಟವನ್ನು ಹೆಚ್ಚಿಸುತ್ತದೆ ಎಂಬುದು ಅವರ ಪ್ರಶ್ನೆ. ತಿದ್ದುವ ಕೈಯೇ ಕೆಡಿಸಬಹುದು ಎಂಬ ಅರಿವಿನಿಂದಲೇ ಈ ಶಾಸ್ತ್ರ ಶುರುವಾಯಿತೆನ್ನಬಹುದು. ಅರ್ಥಶಾಸ್ತ್ರಕ್ಕೆ ಅದು ಕೊಟ್ಟ ದೊಡ್ಡ ಕಾಣಿಕೆಯೂ ಈ ಅರಿವೇ.

ತಾನೇ ತೆರೆಯುವ ಕದ

ಕನ್ನಡಿಗರಿಗೆ ಫೀಡ್‌ಬ್ಯಾಕನ್ನು ವಿವರಿಸಲು ವಾಟ್‌ನವರೆಗೆ ಹೋಗಬೇಕಾಗಿಯೂ ಇಲ್ಲ. 1903ರಲ್ಲಿ ಪುಣೆ ಬಳಿಯ ಖಡಕವಾಸಲಾ ಜಲಾಶಯಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರು ತಾವೇ ರೂಪಿಸಿದ ಸ್ವಯಂಚಾಲಿತ ಕದಗಳನ್ನು ಅಳವಡಿಸಿದರು. ನೀರು ಒಂದು ಮಟ್ಟ ದಾಟಿದರೆ ಕದ ತಾನಾಗಿ ತೆರೆಯುತ್ತದೆ. ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಧ್ಯರಾತ್ರಿ ಪ್ರವಾಹ ಬಂದರೆ ಕಾವಲುಗಾರನನ್ನು ಎಬ್ಬಿಸಬೇಕಿಲ್ಲ. ನೀರೇ ಅಳತೆಗೋಲು, ನೀರೇ ಕಾವಲುಗಾರ. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿಗೂ ಅದೇ ವ್ಯವಸ್ಥೆ ಹೋಯಿತು.

ಇದೇ ವಿಶ್ವೇಶ್ವರಯ್ಯನವರು 1934ರಲ್ಲಿ ‘ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ’ ಎಂಬ ಪುಸ್ತಕ ಬರೆದು, ಹತ್ತು ವರ್ಷಗಳಲ್ಲಿ ದೇಶದ ವರಮಾನವನ್ನು ಇಮ್ಮಡಿಗೊಳಿಸುವ ಯೋಜನೆಯನ್ನು ಮುಂದಿಟ್ಟರು. ಒಬ್ಬರೇ ವ್ಯಕ್ತಿಯ ಈ ಎರಡು ಕೆಲಸಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ವಿಷಯದ ಎರಡು ದಡಗಳು ಕಾಣುತ್ತವೆ. ಯೋಜನೆ ಎಂದರೆ ಎಲ್ಲಿಗೆ ಹೋಗಬೇಕು, ಯಾವ ವರ್ಷ ಎಷ್ಟು ಹೋಗಬೇಕು ಎಂದು ಮೊದಲೇ ಬರೆದಿಟ್ಟ ದಾರಿ. ಕದ ಎಂದರೆ ದಾರಿಯಲ್ಲಿ ಮಳೆ ಬಂದರೆ ಏನು ಮಾಡಬೇಕೆಂಬ ನಿಯಮ. ಹತ್ತೊಂಬತ್ತು ನೂರ ಮೂವತ್ತರ ದಶಕದ ಮಹಾ ಆರ್ಥಿಕ ಕುಸಿತ ಕಂಡ ಜಗತ್ತಿಗೆ ಎರಡೂ ಬೇಕಿದ್ದವು. ಯೋಜನೆಗಳು ಎಲ್ಲ ಕಡೆ ಬಂದವು. ಅರ್ಥವ್ಯವಸ್ಥೆಗೆ ತಾನೇ ತೆರೆಯುವ ಕದ ಕೂರಿಸುವ ಗಣಿತ ಮಾತ್ರ ಎರಡನೆಯ ಮಹಾಯುದ್ಧ ಮುಗಿಯುವವರೆಗೆ ಕಾಯಬೇಕಾಯಿತು. ಅದನ್ನು ತಂದವರೂ ಒಬ್ಬ ಎಂಜಿನಿಯರ್. ಅವರ ಸಾಮಗ್ರಿಯೂ ನೀರೇ.

ಗ್ಯಾರೇಜಿನಲ್ಲೊಂದು ದೇಶ

ಬಿಲ್ ಫಿಲಿಪ್ಸ್ 1914ರಲ್ಲಿ ನ್ಯೂಜಿಲೆಂಡಿನ ಹಳ್ಳಿಗಾಡಿನಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಶಾಲೆ ಬಿಟ್ಟು ಜಲವಿದ್ಯುತ್ ಕೇಂದ್ರದಲ್ಲಿ ಕೆಲಸ ಕಲಿತರು. ಆಸ್ಟ್ರೇಲಿಯಾದಲ್ಲಿ ಮೊಸಳೆ ಬೇಟೆಯಾಡಿದರು. ಚೀನಾ, ರಷ್ಯಾ ದಾಟಿ ಲಂಡನ್ ಸೇರಿದರು. ಯುದ್ಧ ಬಂದಾಗ ಬ್ರಿಟನ್ನಿನ ವಾಯುಪಡೆ ಸೇರಿ, ಜಾವಾದಲ್ಲಿ ಜಪಾನೀಯರ ಕೈಗೆ ಸಿಕ್ಕು, ಮೂರೂವರೆ ವರ್ಷ ಯುದ್ಧಕೈದಿಯಾಗಿದ್ದರು. ಸೆರೆಶಿಬಿರದೊಳಗೆ ಕದ್ದುಮುಚ್ಚಿ ರೇಡಿಯೊ ಜೋಡಿಸಿದ ಸಾಹಸ ಅವರದು. ಯುದ್ಧಾನಂತರ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸಮಾಜಶಾಸ್ತ್ರ ಓದಲು ಸೇರಿದ ಈ ಮನುಷ್ಯನಿಗೆ ಅರ್ಥಶಾಸ್ತ್ರದ ಪಾಠದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರಾಧ್ಯಾಪಕರು ‘ಹಣದ ಹರಿವು’, ‘ಉಳಿತಾಯದ ಸೋರಿಕೆ’ ಎನ್ನುತ್ತಾರೆ. ಅದೆಲ್ಲ ಪೈಪಿನ ಭಾಷೆ. ಹಾಗಿದ್ದರೆ ಪೈಪಿನಲ್ಲೇ ಕಟ್ಟಿ ನೋಡಬಾರದೇಕೆ?

1949ರಲ್ಲಿ, ಕ್ರಾಯ್ಡನ್‌ನಲ್ಲಿ ಬಾಡಿಗೆಗಿದ್ದ ಮನೆಯ ಒಡತಿಯ ಗ್ಯಾರೇಜಿನಲ್ಲಿ, ಲೀಡ್ಸ್‌ನ ಗೆಳೆಯ ವಾಲ್ಟರ್ ನ್ಯೂಲಿನ್ ಅವರ ನೆರವಿನಿಂದ ಫಿಲಿಪ್ಸ್ ಒಂದು ದೇಶ ಕಟ್ಟಿದರು. ಎರಡು ಮೀಟರಿನಷ್ಟು ಎತ್ತರದ ಹಲಗೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ತೊಟ್ಟಿಗಳು, ಕೊಳವೆಗಳು, ವಾಲ್ವ್‌ಗಳು. ಅವುಗಳಲ್ಲಿ ಹರಿಯುವ ಬಣ್ಣದ ನೀರು. ಯುದ್ಧವಿಮಾನಗಳ ಹಳೆಯ ಬಿಡಿಭಾಗಗಳೂ ಅದಕ್ಕೆ ಸೇರಿದವು. ದೇಶದ ವರಮಾನ ಮೇಲಿನಿಂದ ಇಳಿಯುತ್ತದೆ. ಒಂದು ಕವಲು ತೆರಿಗೆಯಾಗಿ ಸರ್ಕಾರದ ಕಡೆ ಹೋಗುತ್ತದೆ. ಇನ್ನೊಂದು ಉಳಿತಾಯವಾಗಿ ಬ್ಯಾಂಕಿನ ತೊಟ್ಟಿ ಸೇರುತ್ತದೆ. ಆಮದಿಗೆ ಕೊಟ್ಟ ಹಣ ಹೊರಗೆ ಹರಿಯುತ್ತದೆ. ಸರ್ಕಾರದ ಖರ್ಚು, ಹೂಡಿಕೆ, ರಫ್ತು ಮತ್ತೆ ಬಂದು ಕೂಡುತ್ತವೆ. ಕೆಳಗೆ ಸೇರಿದ ನೀರನ್ನು ಪಂಪು ಮೇಲಕ್ಕೆ ಎತ್ತುತ್ತದೆ. ಪಕ್ಕದಲ್ಲಿ ಪೆನ್ನೊಂದು ಕಾಗದದ ಮೇಲೆ ವರಮಾನದ ಏರಿಳಿತ ಗೀಚುತ್ತದೆ. ಮೋನಿಯಾಕ್ ಎಂಬ ಹೆಸರಿನಲ್ಲಿ ಹೆಸರಾದ ಈ ಯಂತ್ರವನ್ನು ಅದೇ ವರ್ಷದ ನವೆಂಬರ್‌ನಲ್ಲಿ ಲಂಡನ್ ಸ್ಕೂಲ್‌ನ ಪ್ರಾಧ್ಯಾಪಕರ ಮುಂದೆ ಓಡಿಸಿ ತೋರಿಸಲಾಯಿತು.

ಇದನ್ನು ಆಟಿಕೆ ಎಂದುಕೊಂಡರೆ ತಪ್ಪು. ತೊಟ್ಟಿಯಲ್ಲಿ ನಿಂತ ನೀರು ‘ದಾಸ್ತಾನು’, ಕೊಳವೆಯಲ್ಲಿ ಓಡುವ ನೀರು ‘ಹರಿವು’. ಇವೆರಡರ ನಂಟೇ ಅವಕಲ ಸಮೀಕರಣ. ಕಂಪ್ಯೂಟರುಗಳು ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ ನೀರೇ ಒಂದಷ್ಟು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಪಠ್ಯಪುಸ್ತಕದ ಚಿತ್ರದಲ್ಲಿಲ್ಲದ ಒಂದು ವಸ್ತು ಯಂತ್ರದಲ್ಲಿತ್ತು. ಅದು ಕಾಲ. ತೆರಿಗೆ ಇಳಿಸಿದರೆ ವರಮಾನ ಇಲ್ಲಿಂದ ಅಲ್ಲಿಗೆ ಹೋಗುತ್ತದೆ ಎಂದು ಪುಸ್ತಕ ಎರಡು ಚುಕ್ಕಿ ಇಟ್ಟು ತೋರಿಸುತ್ತದೆ. ನಡುವಿನ ದಾರಿ ನೇರವೋ, ಅಂಕುಡೊಂಕೋ, ಗುರಿ ದಾಟಿ ಹೋಗಿ ಮತ್ತೆ ಹಿಂದಿರುಗುತ್ತದೋ ಎಂಬುದನ್ನು ಪೆನ್ನು ತೋರಿಸುತ್ತಿತ್ತು. ಮುಂದೆ ನೊಬೆಲ್ ಪಡೆದ ಜೇಮ್ಸ್ ಮೀಡ್ ಎರಡು ಯಂತ್ರಗಳನ್ನು ಕೊಳವೆಯಿಂದ ಬೆಸೆದು, ಒಂದನ್ನು ಬ್ರಿಟನ್, ಇನ್ನೊಂದನ್ನು ಅಮೆರಿಕ ಎಂದು ಹೆಸರಿಸಿ, ಒಬ್ಬೊಬ್ಬ ವಿದ್ಯಾರ್ಥಿಯ ಕೈಗೆ ಒಂದೊಂದರ ವಾಲ್ವ್ ಕೊಡುತ್ತಿದ್ದರು. ಒಬ್ಬರನ್ನೊಬ್ಬರು ಕೇಳದೆ ತಿರುಗಿಸಿದರೆ ಎರಡು ದೇಶಗಳ ನೀರೂ ಅಲ್ಲೋಲಕಲ್ಲೋಲ.

ಮೂರು ಬಗೆಯ ಕೈ

ಫಿಲಿಪ್ಸ್ ಅವರ ನಿಜವಾದ ಹೆಜ್ಜೆ ಬಂದದ್ದು 1954ರಲ್ಲಿ, ‘ಎಕನಾಮಿಕ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ. ಕಾರ್ಖಾನೆಗಳಲ್ಲಿ ಬಿಸಿ, ಒತ್ತಡಗಳನ್ನು ಹದದಲ್ಲಿಡಲು ಎಂಜಿನಿಯರುಗಳು ಬಳಸುವ ಮೂರು ಬಗೆಯ ತಿದ್ದುವಿಕೆಗಳನ್ನು ಅವರು ಸರ್ಕಾರದ ಖರ್ಚಿಗೆ ಅನ್ವಯಿಸಿದರು. ಅವನ್ನು ಹಂಡೆಯ ಭಾಷೆಯಲ್ಲೇ ಹೇಳಬಹುದು.

ಮೊದಲನೆಯದು, ಈಗಿನ ಕೊರತೆಗೆ ತಕ್ಕಷ್ಟು ಸೌದೆ. ನೀರು ತುಂಬ ತಣ್ಣಗಿದ್ದರೆ ಹೆಚ್ಚು, ಸ್ವಲ್ಪ ತಣ್ಣಗಿದ್ದರೆ ಕಡಿಮೆ. ಇದರ ತೊಂದರೆ ಏನೆಂದರೆ ನೀರು ಗುರಿಯ ಹತ್ತಿರ ಬಂದಂತೆ ಸೌದೆಯೂ ಕಡಿಮೆಯಾಗಿ, ಕೊನೆಯ ಕೊರತೆ ಹಾಗೇ ಉಳಿದುಬಿಡುತ್ತದೆ. ಎರಡನೆಯದು, ಕೂಡಿಬಂದ ಕೊರತೆಯ ಲೆಕ್ಕ. ನೀರು ವಾರದಿಂದ ದಿನವೂ ಸ್ವಲ್ಪ ತಣ್ಣಗೇ ಉಳಿಯುತ್ತಿದೆ ಎಂದರೆ ದಿನದ ಸೌದೆಯ ಪಾಲನ್ನೇ ಏರಿಸುವುದು. ಇದು ಉಳಿದ ಕೊರತೆಯನ್ನು ಅಳಿಸುತ್ತದೆ. ಆದರೆ ಹಳೆಯ ಬಾಕಿಯನ್ನೆಲ್ಲ ನೆನಪಿಟ್ಟುಕೊಂಡು ಗುರಿ ದಾಟಿಸುತ್ತದೆ, ಓಲಾಟ ತರುತ್ತದೆ. ಮೂರನೆಯದು ಅಜ್ಜಿಯ ಕೈ: ನೀರು ಕಾಯುತ್ತಿರುವ ವೇಗ ನೋಡಿ, ಗುರಿ ಮುಟ್ಟುವ ಮೊದಲೇ ಕೊಳ್ಳಿ ಎಳೆಯುವುದು. ಇದು ಓಲಾಟವನ್ನು ತಣಿಸುತ್ತದೆ. ಮೂರೂ ಹದವಾಗಿ ಬೆರೆತರೆ ಮಾತ್ರ ಅರ್ಥವ್ಯವಸ್ಥೆ ನೆಮ್ಮದಿಯಾಗಿ ಗುರಿ ಸೇರುತ್ತದೆ ಎಂದು ಫಿಲಿಪ್ಸ್ ತೋರಿಸಿದರು. 1957ರ ಇನ್ನೊಂದು ಪ್ರಬಂಧದಲ್ಲಿ ಅವರು ತಡದ ಮೇಲೆ ಕಣ್ಣಿಟ್ಟರು: ನೀತಿಯ ಪರಿಣಾಮ ಬರಲು ಹಿಡಿಯುವ ಕಾಲ ಬದಲಾದರೆ ಹದದ ಲೆಕ್ಕವೇ ಬದಲಾಗುತ್ತದೆ.

ತಡ ಎಷ್ಟು ಮೋಸ ಮಾಡಬಲ್ಲದೆಂದು ನೋಡಲು ಕಾಗದ, ಪೆನ್ಸಿಲ್ ಸಾಕು. ಹಣದುಬ್ಬರ ಗುರಿಗಿಂತ 4 ಅಂಶ ಮೇಲಿದೆ ಎನ್ನಿ. ನಮ್ಮ ಕೈಗೆ ಸಿಗುವ ಅಳತೆ ಒಂದು ಅವಧಿಯಷ್ಟು ಹಳೆಯದು. ನಾವು ಪ್ರಾಮಾಣಿಕರು, ಕಂಡಷ್ಟನ್ನೂ ಪೂರ್ತಿ ತಿದ್ದುತ್ತೇವೆ. ಮೊದಲ ತಿದ್ದುಪಡಿಗೆ 4 ಹೋಗಿ ಸೊನ್ನೆಗೆ ಬಂತು. ಭೇಷ್! ಆದರೆ ಮುಂದಿನ ಸಲ ನಮ್ಮ ಮುಂದಿರುವುದು ಹಿಂದಿನ ಅಳತೆ. ಅದು ಇನ್ನೂ 4 ಎನ್ನುತ್ತಿದೆ. ಮತ್ತೆ 4 ಕಳೆದರೆ ಸೊನ್ನೆಗಿಂತ 4 ಕೆಳಗೆ. ಹೀಗೇ ಮುಂದುವರಿಸಿದರೆ ಸಾಲು 4, 0, –4, –4, 0, 4, 4, 0 ಎಂದು ಮುಗಿಯದೆ ಸುತ್ತುತ್ತದೆ. ಇನ್ನೂ ಹುರುಪಿನಿಂದ ಒಂದೂಕಾಲು ಪಟ್ಟು ತಿದ್ದಿದರೆ 4, –1, –6, –4.75, 2.75 ಎಂದು ಓಡಿ ಮುಂದಿನ ಹೆಜ್ಜೆಗೆ 8 ದಾಟುತ್ತದೆ. ಏರಿಳಿತ ಬೆಳೆಯುತ್ತಲೇ ಹೋಗುತ್ತದೆ. ಕಂಡದ್ದರಲ್ಲಿ ಕಾಲುಭಾಗವನ್ನಷ್ಟೇ ತಿದ್ದಿ ನೋಡಿ: 4, 3, 2, 1.25, 0.75... ಒಮ್ಮೆಯೂ ಗುರಿ ದಾಟದೆ ಮೆಲ್ಲಗೆ ಬಂದು ಕೂರುತ್ತದೆ. ಮೂವರ ಉದ್ದೇಶವೂ ಒಳ್ಳೆಯದೇ. ಉಳಿದದ್ದು ಕಾಲುಭಾಗದವನು ಮಾತ್ರ.

ಎರಡು ಹಕ್ಕಿಗೆ ಎರಡು ಕಲ್ಲು

ಫಿಲಿಪ್ಸ್ ಒಬ್ಬರೇ ಈ ದಾರಿಯಲ್ಲಿರಲಿಲ್ಲ. ಬ್ರಿಟನ್ನಿನ ಎಂಜಿನಿಯರ್ ಆರ್ನಲ್ಡ್ ಟಸ್ಟಿನ್ 1953ರಲ್ಲೇ ಅರ್ಥವ್ಯವಸ್ಥೆಯನ್ನು ನಿಯಂತ್ರಣದ ಕಣ್ಣಿನಿಂದ ನೋಡುವ ಪುಸ್ತಕ ಬರೆದಿದ್ದರು. ನೆದರ್ಲೆಂಡ್ಸ್‌ನಲ್ಲಿ, ಭೌತವಿಜ್ಞಾನದಲ್ಲಿ ಪಿಎಚ್.ಡಿ ಮಾಡಿ ಅರ್ಥಶಾಸ್ತ್ರಕ್ಕೆ ಬಂದಿದ್ದ ಯಾನ್ ಟಿನ್‌ಬರ್ಗೆನ್ 1952ರಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟರು: ಗುರಿಗಳು ಎಷ್ಟಿವೆಯೋ ಕನಿಷ್ಠ ಅಷ್ಟೇ ಸ್ವತಂತ್ರ ಸಾಧನಗಳು ಬೇಕು. ಬೆಲೆಯೂ ಹತೋಟಿಯಲ್ಲಿರಬೇಕು, ರೂಪಾಯಿ ಮೌಲ್ಯವೂ ನಿಲ್ಲಬೇಕು, ಉದ್ಯೋಗವೂ ಬೆಳೆಯಬೇಕು ಎಂದು ಬಡ್ಡಿದರವೊಂದರ ಮೇಲೇ ಎಲ್ಲವನ್ನೂ ಹೇರಿದರೆ ಆಗದು. ಒಂದೇ ಕಲ್ಲಿಗೆ ಎರಡು ಹಕ್ಕಿ ಬೀಳುವುದು ಗಾದೆಯಲ್ಲಿ ಮಾತ್ರ. 1969ರಲ್ಲಿ ಅರ್ಥಶಾಸ್ತ್ರದ ಮೊತ್ತಮೊದಲ ನೊಬೆಲ್ ಅನ್ನು ಟಿನ್‌ಬರ್ಗೆನ್, ನಾರ್ವೆಯ ರಾಗ್ನರ್ ಫ್ರಿಶ್ ಜೊತೆ ಹಂಚಿಕೊಂಡರು.

1960ರಲ್ಲಿ ರುಡಾಲ್ಫ್ ಕಾಲ್ಮನ್ ಇನ್ನೊಂದು ಸಲಕರಣೆ ಕೊಟ್ಟರು. ಗದ್ದಲ ತುಂಬಿದ ಅಳತೆಗಳಿಂದ ವಸ್ತುವಿನ ನಿಜವಾದ ನೆಲೆಯನ್ನು ಊಹಿಸುವ ‘ಕಾಲ್ಮನ್ ಫಿಲ್ಟರ್’ ಅದು. ಚಂದ್ರನಿಗೆ ಹೋದ ಅಪೊಲೊ ನೌಕೆಗಳು ದಾರಿ ಹುಡುಕಿದ್ದು ಅದರಿಂದ. ಅರ್ಥವ್ಯವಸ್ಥೆಯಲ್ಲೂ ಕಣ್ಣಿಗೆ ಕಾಣದ ಸಂಗತಿಗಳೇ ಹೆಚ್ಚು. ನಮ್ಮ ತ್ರೈಮಾಸಿಕ ಜಿಡಿಪಿ ಅಂಕಿ ಬರುವುದು ತ್ರೈಮಾಸಿಕ ಮುಗಿದು ಸುಮಾರು ಎರಡು ತಿಂಗಳಾದ ಮೇಲೆ; ಬಂದಮೇಲೂ ಪರಿಷ್ಕರಣೆ ತಪ್ಪಿದ್ದಲ್ಲ. ಬೆಲೆಗಳನ್ನು ಕೆರಳಿಸದೆ ದೇಶ ಎಷ್ಟು ಉತ್ಪಾದಿಸಬಲ್ಲದು ಎಂಬ ಅಂಕಿಯಂತೂ ಯಾವ ಮೀಟರಿನಲ್ಲೂ ಇಲ್ಲ. ಇಂಥ ಲೆಕ್ಕದಿಂದ ಊಹಿಸಬೇಕು.

ಎಪ್ಪತ್ತರ ದಶಕದಲ್ಲಿ ಕಂಪ್ಯೂಟರುಗಳು ಬಲಿತಾಗ ಆಸೆಯೂ ಬಲಿಯಿತು. ಗುರಿ ತಪ್ಪಿದ್ದಕ್ಕೆ ಇಷ್ಟು ‘ದಂಡ’ ಎಂದು ಬರೆದು, ಮುಂದಿನ ಹಲವು ವರ್ಷಗಳ ಒಟ್ಟು ದಂಡ ಕನಿಷ್ಠವಾಗುವಂತೆ ತೆರಿಗೆ, ಖರ್ಚು, ಬಡ್ಡಿಗಳನ್ನು ಆರಿಸುವ ‘ಗರಿಷ್ಠ ಹದದ ನಿಯಂತ್ರಣ’ ಬಂತು. ಅಮೆರಿಕದಲ್ಲಿ ಗ್ರೆಗರಿ ಚೌ 1975ರಲ್ಲಿ ಅದರ ಪುಸ್ತಕ ಬರೆದರು. ಬ್ರಿಟನ್ನಿನಲ್ಲಿ, ಖಜಾನೆಯ ಮಾದರಿಗೆ ಈ ವಿಧಾನ ಬಳಸಬಹುದೇ ಎಂದು ನೋಡಲು ನೇಮಿಸಿದ ಸಮಿತಿ 1978ರಲ್ಲಿ ವರದಿ ಕೊಟ್ಟಿತು. ಈ ವಿಧಾನದಲ್ಲಿ ಅಷ್ಟಾಗಿ ಮಾತಾಡದ ಒಂದು ಒಳ್ಳೆಯ ಗುಣವಿದೆ. ಹಣದುಬ್ಬರದ ತಪ್ಪಿಗೆ ಎಷ್ಟು ದಂಡ, ನಿರುದ್ಯೋಗದ ತಪ್ಪಿಗೆ ಎಷ್ಟು ದಂಡ ಎಂದು ಮೊದಲೇ ಬರೆದಿಡಬೇಕು. ಆ ಅಂಕಿಯನ್ನು ಗಣಿತ ಕೊಡಲಾರದು. ಪಿಂಚಣಿಯಲ್ಲಿ ಬದುಕುವವರಿಗೂ ಕೆಲಸ ಹುಡುಕುವವರಿಗೂ ಅದು ಒಂದೇ ಆಗಿರುವುದೂ ಇಲ್ಲ. ಅದು ರಾಜಕಾರಣದ ತೀರ್ಮಾನ. ಸಮೀಕರಣ ಅದನ್ನು ಬಚ್ಚಿಡಲು ಬಿಡುವುದಿಲ್ಲ, ಅಷ್ಟೇ.

ರಂಗೋಲಿ ಕೆಳಗೆ ತೂರುವ ನೀರು

ಅಷ್ಟರಲ್ಲಿ ಬುಡಕ್ಕೇ ಪೆಟ್ಟು ಬಿತ್ತು. ಹಂಡೆಯ ನೀರಿಗೆ ಅಜ್ಜಿಯ ಮನಸ್ಸು ಗೊತ್ತಿರುವುದಿಲ್ಲ. ಅರ್ಥವ್ಯವಸ್ಥೆಯ ನೀರು ಜನ. ಅವರು ಪತ್ರಿಕೆ ಓದುತ್ತಾರೆ. ‘ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ’ ಎನ್ನುವ ನೀರು ಇದು.

ಫಿಲಿಪ್ಸ್ ಹೆಸರನ್ನು ಜಗತ್ತು ನೆನಪಿಟ್ಟಿರುವುದು ಅವರ ಯಂತ್ರಕ್ಕಲ್ಲ, ನಿಯಂತ್ರಣದ ಪ್ರಬಂಧಗಳಿಗೂ ಅಲ್ಲ. 1958ರಲ್ಲಿ ಎಳೆದ ಒಂದು ವಕ್ರರೇಖೆಗೆ. ಬ್ರಿಟನ್ನಿನ 1861ರಿಂದ 1957ರವರೆಗಿನ ಅಂಕಿಗಳಲ್ಲಿ, ನಿರುದ್ಯೋಗ ಕಡಿಮೆಯಿದ್ದಾಗ ಕೂಲಿ ವೇಗವಾಗಿ ಏರಿತ್ತು ಎಂದು ಅದು ತೋರಿಸಿತು. ಇತರರು ಅದನ್ನು ಮೆನು ಕಾರ್ಡ್ ಮಾಡಿಕೊಂಡರು: ಇಷ್ಟು ಹಣದುಬ್ಬರ ತೆತ್ತರೆ ಇಷ್ಟು ಉದ್ಯೋಗ. ಎಪ್ಪತ್ತರ ದಶಕದಲ್ಲಿ ಹಲವು ದೇಶಗಳಲ್ಲಿ ಬೆಲೆಯೂ ನಿರುದ್ಯೋಗವೂ ಒಟ್ಟಿಗೇ ಏರಿದವು. ಬೆಲೆ ಏರುತ್ತದೆಂದು ಮೊದಲೇ ಎಣಿಸಿದ ಕೆಲಸಗಾರ ಕೂಲಿಯನ್ನೂ ಮೊದಲೇ ಏರಿಸಿ ಕೇಳಿದ್ದ. 1976ರಲ್ಲಿ ರಾಬರ್ಟ್ ಲೂಕಸ್ ಇದನ್ನು ಎಲ್ಲ ಮಾದರಿಗಳಿಗೂ ಹೂಡಿದ ಆಕ್ಷೇಪವನ್ನಾಗಿ ಮಾಡಿದರು. ನೀತಿ ಬದಲಾದರೆ ಜನರ ಲೆಕ್ಕಾಚಾರ ಬದಲಾಗುತ್ತದೆ. ಹಾಗಾಗಿ ಹಳೆಯ ನೀತಿಯ ಕಾಲದ ಅಂಕಿಗಳಿಂದ ಕಟ್ಟಿದ ಮಾದರಿ ಹೊಸ ನೀತಿಯ ಫಲವನ್ನು ಹೇಳಲಾರದು.

ಮರುವರ್ಷ ಫಿನ್ ಕಿಡ್‌ಲ್ಯಾಂಡ್, ಎಡ್ವರ್ಡ್ ಪ್ರೆಸ್ಕಾಟ್ ಇನ್ನೂ ಮುಂದೆ ಹೋಗಿ, ಆರ್ಥಿಕ ಯೋಜನೆಗೆ ಗರಿಷ್ಠ ಹದದ ನಿಯಂತ್ರಣ ಸಲ್ಲದ ಸಾಧನ ಎಂದೇ ವಾದಿಸಿದರು. ಅವರು ಕೊಟ್ಟ ಉದಾಹರಣೆಯೂ ನೀರಿನದೇ. ನದಿಯ ನೆರೆಬಯಲಿನಲ್ಲಿ ಮನೆ ಕಟ್ಟಬಾರದೆಂಬುದು ಸರ್ಕಾರದ ಇಚ್ಛೆ. ಕಟ್ಟಿದರೆ ರಕ್ಷಣೆಗೆ ಅಣೆಕಟ್ಟು ಕಟ್ಟುವುದಿಲ್ಲ ಎಂದು ಸಾರುತ್ತದೆ. ಜನ ನಗುತ್ತಾರೆ. ಒಮ್ಮೆ ನೂರಾರು ಮನೆ ಎದ್ದಮೇಲೆ ಯಾವ ಸರ್ಕಾರವಾದರೂ ಅಣೆ ಕಟ್ಟಿಯೇ ಕಟ್ಟುತ್ತದೆ ಎಂದು ಅವರಿಗೆ ಗೊತ್ತು. ಆಯಾ ದಿನಕ್ಕೆ ಅತ್ಯುತ್ತಮವಾದದ್ದನ್ನೇ ಮಾಡುತ್ತ ಹೋದ ಸರ್ಕಾರ ಕೊನೆಗೆ ಯಾರಿಗೂ ಬೇಡವಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಅಕ್ರಮ ಬಡಾವಣೆ, ಆಮೇಲೆ ಸಕ್ರಮ ಎಂಬ ಜೋಡಿಪದ ಕೇಳಿ ಬೆಳೆದ ನಮಗೆ ಈ ವಾದ ಬಿಡಿಸಿ ಹೇಳಬೇಕಾಗಿಲ್ಲ. 2004ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹಾಗಾದರೆ ನಿಯಂತ್ರಣ ಸಿದ್ಧಾಂತ ಅಟ್ಟ ಸೇರಿತೇ? ಇಲ್ಲ. ಜನರ ನಿರೀಕ್ಷೆಯನ್ನೂ ಒಳಗೊಂಡ ಹೊಸ ಮಾದರಿಗಳನ್ನು ಬಿಡಿಸಲು ಬೇಕಾದ ಗಣಿತ ಬಂದದ್ದು ಅದೇ ಬುಟ್ಟಿಯಿಂದ. ಇಂದಿನ ಕೇಂದ್ರ ಬ್ಯಾಂಕುಗಳ ಮಾದರಿಗಳಲ್ಲಿ ಕಾಲ್ಮನ್ ಫಿಲ್ಟರ್ ದಿನಬಳಕೆಯ ಪಾತ್ರೆ. ಬದಲಾದದ್ದು ಪ್ರಶ್ನೆ. ‘ಇಂದು ವಾಲ್ವ್ ಎಷ್ಟು ತಿರುಗಿಸಲಿ’ ಎಂಬುದರ ಜಾಗಕ್ಕೆ ‘ಯಾವ ನಿಯಮಕ್ಕೆ ಬದ್ಧನಾಗಲಿ’ ಎಂಬುದು ಬಂತು.

ಒಂದು ಸಾಲಿನ ಸೂತ್ರ

ಅಂಥ ನಿಯಮಗಳಲ್ಲಿ ಹೆಸರಾದದ್ದು 1993ರಲ್ಲಿ ಜಾನ್ ಟೇಲರ್ ಬರೆದದ್ದು. ಅಮೆರಿಕದ ಕೇಂದ್ರ ಬ್ಯಾಂಕಿನ ಬಡ್ಡಿದರ ಹೀಗಿರಬೇಕು: 2ಕ್ಕೆ ಹಣದುಬ್ಬರವನ್ನು ಕೂಡಿಸಿ, ಹಣದುಬ್ಬರ ಶೇ 2ರ ಗುರಿಯಿಂದ ಎಷ್ಟು ದೂರವಿದೆಯೋ ಅದರ ಅರ್ಧ ಕೂಡಿಸಿ, ಉತ್ಪಾದನೆ ತನ್ನ ಸಹಜ ಮಟ್ಟದಿಂದ ಎಷ್ಟು ದೂರವಿದೆಯೋ ಅದರ ಅರ್ಧ ಕೂಡಿಸಿ. ಎಲ್ಲವೂ ಸರಿಯಿದ್ದರೆ ದರ ಶೇ 4. ಹಣದುಬ್ಬರ ಶೇ 3ಕ್ಕೆ ಏರಿದರೆ ದರ ಶೇ 5.5. ಇಲ್ಲಿನ ಗುಟ್ಟು ನೋಡಿ: ಬೆಲೆ ಒಂದು ಅಂಶ ಏರಿದರೆ ಬಡ್ಡಿ ಒಂದೂವರೆ ಅಂಶ ಏರುತ್ತದೆ. ಒಂದಕ್ಕಿಂತ ಕಡಿಮೆ ಏರಿದರೆ, ಹಣದುಬ್ಬರ ಕಳೆದು ಉಳಿಯುವ ನಿಜವಾದ ಬಡ್ಡಿ ಇಳಿದುಹೋಗಿ, ಆರಿಸಬೇಕಾದ ಬೆಂಕಿಗೆ ನಾವೇ ಗಾಳಿ ಹಾಕಿದಂತೆ.

ಇದು ಫಿಲಿಪ್ಸ್ ಹೇಳಿದ ಮೊದಲ ಬಗೆಯ ಕೈ. ಎರಡನೆಯ ಬಗೆಯೂ ಒಮ್ಮೆ ಬಂತು. ಹಲವು ವರ್ಷ ಹಣದುಬ್ಬರ ಬಹುಮಟ್ಟಿಗೆ ಗುರಿಗಿಂತ ಕೆಳಗೇ ಉಳಿದಿದ್ದರಿಂದ, ಅಮೆರಿಕದ ಫೆಡರಲ್ ರಿಸರ್ವ್ 2020ರ ಆಗಸ್ಟ್‌ನಲ್ಲಿ, ಹಿಂದಿನ ಕೊರತೆ ತುಂಬಲು ಮುಂದೆ ಸ್ವಲ್ಪ ಕಾಲ ಶೇ 2 ದಾಟಲು ಬಿಡುವುದಾಗಿ ಸಾರಿತು. ಕೂಡಿಬಂದ ಬಾಕಿಯನ್ನು ನೆನಪಿಡುವ ಕೈ ಇದು. ಕೋವಿಡ್ ನಂತರದ ಕೊರತೆಗಳು, ಸರ್ಕಾರದ ಭಾರಿ ಖರ್ಚು, ಯುಕ್ರೇನ್ ಯುದ್ಧ ಕೂಡಿ 2022ರ ಜೂನ್‌ನಲ್ಲಿ ಅಲ್ಲಿನ ಹಣದುಬ್ಬರ ಶೇ 9.1 ಮುಟ್ಟಿತು. ಆ ಏರಿಕೆಗೆ ನಿಯಮವೊಂದನ್ನೇ ದೂರುವಂತಿಲ್ಲ. ಆದರೆ ಬಾಕಿ ನೆನಪಿಡುವ ಕೈ ಹಿಂದೆ ಸರಿಯುವುದು ತಡ ಎಂಬ ಎಚ್ಚರಿಕೆ 1954ರಲ್ಲೇ ಅಚ್ಚಾಗಿತ್ತು.

ಕೋಲಾರದ ಟೊಮೆಟೊ, ಮುಂಬೈನ ವಾಲ್ವ್

ಭಾರತ ಇಂಥ ನಿಯಮಕ್ಕೆ ಕಾನೂನಿನ ಮುದ್ರೆ ಒತ್ತಿದ್ದು 2016ರಲ್ಲಿ. ಆರ್‌ಬಿಐ ಕಾಯ್ದೆ ತಿದ್ದುಪಡಿಯಾಗಿ, ಚಿಲ್ಲರೆ ಹಣದುಬ್ಬರಕ್ಕೆ ಶೇ 4ರ ಗುರಿ, ಮೇಲೆ ಕೆಳಗೆ 2 ಅಂಶದ ಅಂಚು ನಿಗದಿಯಾಯಿತು. ಬ್ಯಾಂಕುಗಳಿಗೆ ಆರ್‌ಬಿಐ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಆರು ಮಂದಿಯ ಹಣಕಾಸು ನೀತಿ ಸಮಿತಿ ತೀರ್ಮಾನಿಸುತ್ತದೆ. ಸತತ ಮೂರು ತ್ರೈಮಾಸಿಕ ಅಂಚಿನಾಚೆ ಹೋದರೆ ಕಾರಣ, ಪರಿಹಾರ ಬರೆದು ಸರ್ಕಾರಕ್ಕೆ ವರದಿ ಕೊಡಬೇಕು. 2022ರಲ್ಲಿ ಹಾಗೆಯೇ ಆಯಿತು. ಏಪ್ರಿಲ್‌ನಲ್ಲಿ ಹಣದುಬ್ಬರ ಶೇ 7.79 ಮುಟ್ಟಿತು, ಮೇ ತಿಂಗಳಲ್ಲಿ ಸಮಿತಿ ವೇಳಾಪಟ್ಟಿಯಾಚೆಗೆ ಸಭೆ ಸೇರಿ ರೆಪೊ ದರವನ್ನು ಶೇ 4ರಿಂದ 4.40ಕ್ಕೆ ಏರಿಸಿತು. ನವೆಂಬರ್‌ನಲ್ಲಿ ವರದಿಗಾಗಿಯೇ ವಿಶೇಷ ಸಭೆ ನಡೆಯಿತು. 2023ರ ಫೆಬ್ರುವರಿ ಹೊತ್ತಿಗೆ ದರ ಶೇ 6.50.

ಆ ಬಿಸಿ ಮನೆಸಾಲದವರಿಗೆ ಬೇಗ ತಟ್ಟಿದ್ದಕ್ಕೂ ಕಾರಣವಿದೆ. ಹಿಂದೆ ರೆಪೊ ದರ ಬದಲಾದರೂ ಬ್ಯಾಂಕುಗಳು ತಮ್ಮ ದರ ಬದಲಿಸಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದವು. 2019ರ ಅಕ್ಟೋಬರ್‌ನಿಂದ ಹೊಸ ಚರ ಬಡ್ಡಿಯ ಚಿಲ್ಲರೆ ಸಾಲಗಳನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಕಟ್ಟಬೇಕೆಂದು ಆರ್‌ಬಿಐ ಹೇಳಿತು. ಸಾಲಗಾರನಿಗೆ ಅದು ಇಎಂಐ ಅಥವಾ ಕಂತುಗಳ ಸಂಖ್ಯೆ ಏರಿದ ಸುದ್ದಿ. ಎಂಜಿನಿಯರನ ಕಣ್ಣಿಗೆ ಅದು ವಾಲ್ವ್‌ಗೂ ತೊಟ್ಟಿಗೂ ನಡುವಿನ ಕೊಳವೆಯನ್ನು ಗಿಡ್ಡ ಮಾಡಿದ್ದು. ತಡ ಕಡಿಮೆಯಾದಷ್ಟೂ ಹದ ಸುಲಭ.

ಆದರೆ ಎಲ್ಲ ಕೊಳವೆಗಳೂ ಈ ವಾಲ್ವ್‌ಗೆ ಸೇರಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ನೆನಪಿರಬಹುದು. ಶೇ 5ಕ್ಕಿಂತ ಕೆಳಗಿದ್ದ ಹಣದುಬ್ಬರ ಒಂದೇ ತಿಂಗಳಲ್ಲಿ ಶೇ 7.44ಕ್ಕೆ ಜಿಗಿಯಿತು. ಆಗಿನ ಸೂಚ್ಯಂಕದಲ್ಲಿ ಆಹಾರ ಪಾನೀಯಗಳ ತೂಕವೇ ಶೇ 45ಕ್ಕೂ ಹೆಚ್ಚು. ಬಡ್ಡಿ ಏರಿಸಿದರೆ ಟೊಮೆಟೊ ಹಣ್ಣಾಗುವುದಿಲ್ಲ. ಕೋಲಾರದ ಮಾರುಕಟ್ಟೆ ಬಲ್ಲವರಿಗೆ ಆ ಬೆಳೆಯ ಓಲಾಟದ ಮರ್ಮವೂ ಗೊತ್ತು. ಇಂದು ಬೆಲೆ ಏರಿದರೆ ಎಲ್ಲರೂ ಸಸಿ ನೆಡುತ್ತಾರೆ. ಎರಡು ಮೂರು ತಿಂಗಳಾಚೆ ಎಲ್ಲರ ಬೆಳೆಯೂ ಒಟ್ಟಿಗೆ ಬರುತ್ತದೆ. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತಾರೆ. ಮರುಸಲ ಯಾರೂ ನೆಡುವುದಿಲ್ಲ, ಬೆಲೆ ಮತ್ತೆ ಏರುತ್ತದೆ. ಅರ್ಥಶಾಸ್ತ್ರಜ್ಞರು ಇದಕ್ಕೆ ‘ಜೇಡರಬಲೆ’ ಎನ್ನುತ್ತಾರೆ. ಹಳೆಯ ಅಳತೆ ನೋಡಿ ಪೂರ್ತಿ ತಿದ್ದುವ, 4, 0, –4 ಎಂಬ ನಮ್ಮ ಪೆನ್ಸಿಲ್ ಲೆಕ್ಕದ ಸಾಲು ಹೊಲದಲ್ಲಿ ಬೆಳೆದ ರೂಪ ಅದು. ಅದನ್ನು ತಣಿಸಬಲ್ಲದ್ದು ಶೈತ್ಯಾಗಾರ, ಸಂಸ್ಕರಣಾ ಘಟಕ, ಎಲ್ಲಿ ಎಷ್ಟು ಎಕರೆ ನಾಟಿಯಾಗಿದೆ ಎಂಬ ಹೊತ್ತಿಗೆ ಸರಿಯಾದ ಸುದ್ದಿ. ರೆಪೊ ದರವಲ್ಲ. ಇನ್ನೊಂದು ಹಕ್ಕಿ, ಇನ್ನೊಂದು ಕಲ್ಲು.

ಆಗ ಸಮಿತಿ ದರ ಮುಟ್ಟಲಿಲ್ಲ. ಅಕ್ಟೋಬರ್ ಹೊತ್ತಿಗೆ ಹಣದುಬ್ಬರ ಶೇ 4.87ಕ್ಕೆ ಇಳಿಯಿತು. ಕಾಯುವಾಗ ಗಮನಿಸಬೇಕಾದದ್ದು ಟೊಮೆಟೊ ಬೆಲೆಯನ್ನಲ್ಲ. ಅದನ್ನು ಕಂಡು ಜನ ಎಲ್ಲ ಬೆಲೆಯೂ ಏರುತ್ತದೆಂದು ನಂಬತೊಡಗುತ್ತಾರೋ ಎಂಬುದನ್ನು. ಅದಕ್ಕೇ ಆರ್‌ಬಿಐ, ಬೆಂಗಳೂರು ಸೇರಿದಂತೆ ಹಲವು ನಗರಗಳ ಮನೆಮನೆಗಳಲ್ಲಿ ಮೂರು ತಿಂಗಳಾಚೆ, ವರ್ಷದಾಚೆ ಬೆಲೆ ಏನಾಗಬಹುದೆಂದು ಕೇಳುತ್ತದೆ. ನಿನಗೆ ಏನನ್ನಿಸುತ್ತದೆ ಎಂದು ನೀರನ್ನೇ ಕೇಳುವ ಯಂತ್ರ ಬೇರೆ ಯಾವ ಎಂಜಿನಿಯರನ ಬಳಿಯೂ ಇರಲಾರದು.

2023ರ ಫೆಬ್ರುವರಿಯಿಂದ 2025ರ ಫೆಬ್ರುವರಿವರೆಗೆ, ಎರಡು ವರ್ಷ, ದರ ಶೇ 6.50ರಲ್ಲೇ ನಿಂತಿತು. ಆಮೇಲೆ ಇಳಿಕೆ ಶುರುವಾಯಿತು. 2025ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 0.25ಕ್ಕೆ, ಅಂಚಿನ ಕೆಳಗೂ ಬಹಳ ಕೆಳಗೆ, ಹೋಗಿತ್ತು. ಆಹಾರದ ಬೆಲೆ ಕುಸಿದದ್ದು ದೊಡ್ಡ ಕಾರಣ. ಸಮಿತಿ ಇಳಿಸಲು ತಡ ಮಾಡಿತೇ, ಕಾದದ್ದು ಸರಿಯೇ ಎಂಬ ಜಗಳ ಇನ್ನೂ ಇದೆ. ಇರಲಿ. ಗುರಿ ಎಷ್ಟೆಂದು ಕಾನೂನಿನಲ್ಲಿ ಬರೆದಿರುವುದರಿಂದಲೇ ಆ ಜಗಳ ಅಂಕಿ ಹಿಡಿದು ನಡೆಯುತ್ತಿದೆ.

ಯಂತ್ರದಲ್ಲಿಲ್ಲದ ತೊಟ್ಟಿ

ಫಿಲಿಪ್ಸ್ 1975ರಲ್ಲಿ ಆಕ್ಲೆಂಡ್‌ನಲ್ಲಿ ತೀರಿಕೊಂಡರು. ಅವರ ನಾಡಾದ ನ್ಯೂಜಿಲೆಂಡೇ 1989ರ ಕಾನೂನಿನ ಮೂಲಕ ಹಣದುಬ್ಬರದ ಗುರಿಗೆ ಕೇಂದ್ರ ಬ್ಯಾಂಕನ್ನು ಕಟ್ಟಿದ ಮೊದಲ ದೇಶವಾಯಿತು; ನಮ್ಮ 2016ರ ತಿದ್ದುಪಡಿ ಅದೇ ಮನೆತನದ್ದು. ವೆಲ್ಲಿಂಗ್ಟನ್‌ನಲ್ಲಿ ಆ ಕೇಂದ್ರ ಬ್ಯಾಂಕಿನ ವಸ್ತುಸಂಗ್ರಹಾಲಯದಲ್ಲಿ ಫಿಲಿಪ್ಸ್ ಅವರ ನೀರಿನ ಯಂತ್ರವೂ ಇದೆ. ಅದರಲ್ಲಿ ತೆರಿಗೆಗೆ, ಉಳಿತಾಯಕ್ಕೆ, ಆಮದಿಗೆ ಜಾಗವಿದೆ. ನಾಳೆಯ ಬಗ್ಗೆ ಜನ ಇಟ್ಟುಕೊಂಡ ನಂಬಿಕೆಗೆ ತೊಟ್ಟಿಯಿಲ್ಲ. ಕಳೆದ ಐವತ್ತು ವರ್ಷಗಳ ಅರ್ಥಶಾಸ್ತ್ರ ಬಹುಮಟ್ಟಿಗೆ ಆ ತೊಟ್ಟಿಯನ್ನು ಎಲ್ಲಿ ಕೂರಿಸುವುದೆಂಬ ಹುಡುಕಾಟ.

ಉಳಿದ ಪಾಠ ಮಾತ್ರ ಹಳೆಯದೇ, ಬಚ್ಚಲಿನದೇ. ಇನ್ನೊಂದು ಎರಡು ತಿಂಗಳಿಗೆ ಸಮಿತಿ ಮತ್ತೆ ಸೇರುತ್ತದೆ. ‘ರೆಪೊ ದರದಲ್ಲಿ ಬದಲಾವಣೆ ಇಲ್ಲ’ ಎಂಬ ತಲೆಬರಹ ಬಂದರೆ, ಮೂರು ದಿನ ಕೂತು ಏನೂ ಮಾಡದೆ ಎದ್ದರಲ್ಲ ಎಂದು ನಾವು ಗೊಣಗುತ್ತೇವೆ, ಒದ್ದೆ ಬೆರಳು ಝಾಡಿಸುತ್ತ ಬಚ್ಚಲ ಬಾಗಿಲಲ್ಲಿ ನಿಂತ ಮಕ್ಕಳ ಹಾಗೆ. ಬೂದಿ ಸರಿಸಿ ಒಳಗೆಷ್ಟು ಕೆಂಡ ಇದೆಯೆಂದು ಬಗ್ಗಿ ನೋಡಿದವಳು ಅಜ್ಜಿ ಒಬ್ಬಳೇ.